ಸೊಟ್ಟ ಚೆಕ್ಕುಬಂದಿಗೆ ಬ್ಲಾಕ್‌ಚೈನ್ ಮದ್ದಲ್ಲ

ಮನೆ–ನಿವೇಶನ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಆಸ್ತಿ ನೋಂದಣಿಗೆ ಬ್ಲಾಕ್‌ಚೈನ್ ತಂತ್ರಜ್ಞಾನ ಹೊಂದುತ್ತದೆಯೇ ಎಂದು ಅಧ್ಯಯನ ಮಾಡುವಂತೆ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಬಿಹಾರದ ಪ್ರಕರಣವೊಂದರ ತೀರ್ಪಿನಲ್ಲಿ ಕಾನೂನು ಆಯೋಗಕ್ಕೆ ಸೂಚಿಸಿತು. ಅಂದಿನಿಂದ ಈ ವಿಷಯದ ಪತ್ರಗಳು ನಿಂತಿಲ್ಲ. ಮೈಸೂರು ಮತ್ತು ಮಂಡ್ಯದಿಂದ ಬಂದ ಕೆಲವನ್ನು ಆರಿಸಿಕೊಂಡಿದ್ದೇವೆ. ನೋಂದಣಿ, ಭೂಮಾಪನ, ಸಾಫ್ಟ್‌ವೇರ್ ಬಲ್ಲ ನಮ್ಮ ಬಳಗ ಉತ್ತರಿಸಿದೆ.

ವಿಜಯನಗರ ನಾಲ್ಕನೇ ಹಂತದಲ್ಲಿ ಒಂದು 30×40 ಸೈಟು ನೋಡಿದ್ದೇವೆ. ಬ್ಲಾಕ್‌ಚೈನ್ ಬಂದರೆ ಒಂದೇ ಸೈಟನ್ನು ಇಬ್ಬರಿಗೆ ಮಾರುವುದು ನಿಂತೇಹೋಗುತ್ತದೆ, ಅಲ್ಲಿಯವರೆಗೆ ಕಾಯೋಣ ಅನ್ನುತ್ತಾನೆ ಮಗ. ಕಾಯಬೇಕೆ?
— ಗೃಹಿಣಿ, ಕುವೆಂಪುನಗರ, ಮೈಸೂರು

ಕಾಯಬೇಡಿ. ಮಗ ಹೇಳಿದ್ದರಲ್ಲಿ ಅರ್ಧ ನಿಜ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಥಿರಾಸ್ತಿ ಪತ್ರಗಳೆಲ್ಲ ‘ಒಂದನೇ ಪುಸ್ತಕ’ಕ್ಕೆ ಏರುತ್ತವೆ. ಆ ಪುಸ್ತಕದ ಪ್ರತಿ ಪುಟದ ತಲೆಯ ಮೇಲೆ, ಹಿಂದಿನ ಪುಟದ ಇಡೀ ಬರಹದಿಂದ ಲೆಕ್ಕ ಹಾಕಿ ತೆಗೆದ ಒಂದು ಉದ್ದದ ಸಂಖ್ಯೆ ಇದೆ ಎಂದುಕೊಳ್ಳಿ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಹಿಂದಿನ ಪುಟದಲ್ಲಿ ‘30 ಅಡಿ’ಯನ್ನು ಯಾರಾದರೂ ‘40 ಅಡಿ’ ಮಾಡಿದರೆ ಆ ಸಂಖ್ಯೆ ಗುರುತೇ ಸಿಗದಷ್ಟು ಬದಲಾಗುತ್ತದೆ, ಮುಂದಿನ ಪುಟದ ತಲೆಬರಹಕ್ಕೆ ತಾಳೆಯಾಗುವುದಿಲ್ಲ. ಅದನ್ನೂ ತಿದ್ದಿದರೆ ಅದರ ಮುಂದಿನದು ತಪ್ಪುತ್ತದೆ. ಇಂಥ ಪುಸ್ತಕದ ಒಂದೊಂದು ಪ್ರತಿ ನಾಲ್ಕೈದು ಇಲಾಖೆಗಳಲ್ಲಿ ಇದ್ದುಬಿಟ್ಟರೆ, ಒಂದು ಕಡೆ ಕೈಯಾಡಿಸಿದವನು ಉಳಿದ ಕಡೆ ಸಿಕ್ಕಿಬೀಳುತ್ತಾನೆ. ಬ್ಲಾಕ್‌ಚೈನ್ ಎಂದರೆ ಸ್ಥೂಲವಾಗಿ ಇಷ್ಟೇ. ಪುಸ್ತಕಕ್ಕೆ ಏರಿದ ಮೇಲೆ ಬರಹವನ್ನು ಕಾಯುವುದರಲ್ಲಿ ಅದು ಗಟ್ಟಿ. ಏರುವ ಮುಂಚೆ ಬರೆದದ್ದು ಸರಿಯೋ ತಪ್ಪೋ ಎಂಬುದು ಅದಕ್ಕೆ ತಿಳಿಯದು.

ಎರಡು ಸಲ ಮಾರಾಟ ತಪ್ಪಬೇಕಾದರೆ, ಎರಡೂ ಪತ್ರಗಳು ಒಂದೇ ಸೈಟಿನವು ಎಂದು ಯಂತ್ರಕ್ಕೆ ಗೊತ್ತಾಗಬೇಕು. ತೊಡಕು ಇರುವುದು ಇಲ್ಲಿ. ನೀವು ನೋಡಿರುವಂಥ ಸೈಟಿಗೆ ಮೈಸೂರಿನಲ್ಲಿ ಕಡಿಮೆಯೆಂದರೆ ನಾಲ್ಕು ಹೆಸರು: ಬಡಾವಣೆ ಆಗುವ ಮುಂಚಿನ ಗ್ರಾಮದ ಸರ್ವೆ ನಂಬರು, ನಗರಾಭಿವೃದ್ಧಿ ಪ್ರಾಧಿಕಾರ ಕೊಟ್ಟ ನಿವೇಶನ ಸಂಖ್ಯೆ, ಕಂದಾಯ ಕಟ್ಟುವ ಖಾತಾ ಸಂಖ್ಯೆ, ಈಗಿನ ಇ-ಆಸ್ತಿಯ (ನಗರ ಸ್ಥಳೀಯ ಸಂಸ್ಥೆಗಳ ಆಸ್ತಿ ತಂತ್ರಾಂಶ) ಗುರುತಿನ ಸಂಖ್ಯೆ. ಒಬ್ಬ ಪತ್ರ ಬರಹಗಾರರು ಷೆಡ್ಯೂಲಿನಲ್ಲಿ (ಪತ್ರದಲ್ಲಿ ಆಸ್ತಿಯನ್ನು ವರ್ಣಿಸುವ ಭಾಗ) ನಿವೇಶನ ಸಂಖ್ಯೆ ಬರೆಯುತ್ತಾರೆ, ಇನ್ನೊಬ್ಬರು ಸರ್ವೆ ನಂಬರು ಬರೆಯುತ್ತಾರೆ. ಎರಡೂ ಬೇರೆ ಬೇರೆ ಆಸ್ತಿ ಎಂದೇ ಕಂಪ್ಯೂಟರ್ ಭಾವಿಸುತ್ತದೆ. 1908ರ ನೋಂದಣಿ ಕಾಯ್ದೆಯನ್ನು ಕೇಳಿದರೆ, ಪಟ್ಟಣದ ಮನೆಯನ್ನು ‘ಇಂಥ ರಸ್ತೆಯ ಉತ್ತರಕ್ಕೋ ಇನ್ನೊಂದು ಮಗ್ಗುಲಿಗೋ ಇರುವುದು, ಹಿಂದೆ ಇಂಥವರು ವಾಸವಿದ್ದುದು’ ಎಂದು ವರ್ಣಿಸಿ ಅನ್ನುತ್ತದೆ ಅದರ 21ನೇ ಕಲಂ. ರಸ್ತೆಗೆ ಹತ್ತು ಮನೆ ಇದ್ದ ಕಾಲಕ್ಕೆ ಅದು ಸಾಕಿತ್ತು.

ಅಳತೆಯಲ್ಲೂ ಇದೇ ಪಾಡು. ಪ್ರಾಧಿಕಾರದ ಹಂಚಿಕೆಯಲ್ಲಿ ಸಾಮಾನ್ಯವಾಗಿ ಇರುವುದು 9×12 ಮೀಟರು, ಅಂದರೆ 108 ಚದರ ಮೀಟರು, 1,162 ಚದರ ಅಡಿ ಮತ್ತು ಚಿಲ್ಲರೆ. ಬಾಯಿಮಾತಿನ 30×40 ಅಂದರೆ 1,200 ಚದರ ಅಡಿ, 111.48 ಚದರ ಮೀಟರು. ಸುಮಾರು 37 ಚದರ ಅಡಿಯ ಈ ವ್ಯತ್ಯಾಸ ಒಂದು ಪತ್ರದಿಂದ ಇನ್ನೊಂದಕ್ಕೆ ನುಸುಳಿ, ಕೊನೆಗೆ ಖಾತೆ ಬದಲಾವಣೆಯ ಅರ್ಜಿ ವಾಪಸಾಗುತ್ತದೆ.

ಸೈಟು ಇಷ್ಟವಾದರೆ ಈಗಲೇ ಮಾಡಬೇಕಾದ್ದು: ಮಾರುವವರಿಂದ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಪ್ರಾಧಿಕಾರ ಮಾಡಿಕೊಟ್ಟ ಕ್ರಯಪತ್ರ, ಆಮೇಲಿನ ಪ್ರತಿ ಕ್ರಯಪತ್ರ, ಇ-ಖಾತಾ ಎಲ್ಲವನ್ನೂ ತೆಗೆದುಕೊಂಡು, ಒಂದು ಹಾಳೆಯಲ್ಲಿ ಐದು ಅಂಕಣ ಎಳೆಯಿರಿ: ಮಾಲೀಕರ ಹೆಸರು, ಸಂಖ್ಯೆ, ಉದ್ದ, ಅಗಲ, ನಾಲ್ಕು ದಿಕ್ಕಿನ ಚೆಕ್ಕುಬಂದಿ (ಎಲ್ಲೆ). ಪ್ರತಿ ದಾಖಲೆಗೆ ಒಂದು ಸಾಲು. ಮೇಲಿನಿಂದ ಕೆಳಕ್ಕೆ ಎಲ್ಲಿ ಬದಲಾಗಿದೆಯೋ ಅಲ್ಲಿ ಕಾರಣ ಕೇಳಿ. ಪಕ್ಕದ ಎರಡು ಸೈಟಿನವರ ಪತ್ರದಲ್ಲಿ ನಿಮ್ಮ ಸೈಟಿನ ಸಂಖ್ಯೆ ಚೆಕ್ಕುಬಂದಿಯಾಗಿ ಬಂದಿದೆಯೇ ನೋಡಿ. ಇಬ್ಬರಲ್ಲಿ ಒಬ್ಬರಾದರೂ ತೋರಿಸುತ್ತಾರೆ. 2024ರ ಅಕ್ಟೋಬರಿನಿಂದ ನಗರದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಆಸ್ತಿಯ ವಿವರವನ್ನು ಇ-ಆಸ್ತಿಯಿಂದಲೇ ಎಳೆದುಕೊಳ್ಳುತ್ತದೆ. ಎರಡು ಹೆಸರಿನ ಆಟಕ್ಕೆ ಇದರಿಂದ ಬಿದ್ದ ಏಟು ಬ್ಲಾಕ್‌ಚೈನ್ ಇಲ್ಲದೆಯೇ ಬಿದ್ದದ್ದು.

ಮನೆ ಕೊಳ್ಳುವ ಮುಂಚೆ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದೆವು, ‘ಯಾವುದೇ ಋಣಭಾರ ಇಲ್ಲ’ ಎಂದು ಬಂತು. ನೋಂದಣಿಯಾದ ಮೂರು ತಿಂಗಳಿಗೆ ಒಂದು ಬ್ಯಾಂಕಿನವರು ಹಳೇ ಮಾಲೀಕರ ಸಾಲಕ್ಕೆ ಗೋಡೆಗೆ ನೋಟಿಸ್ ಅಂಟಿಸಿ ಹೋದರು. ಇ.ಸಿ. ಸುಳ್ಳು ಹೇಳಿತೆ?
— ಶ್ರೀರಾಂಪುರ, ಮೈಸೂರು

ಸುಳ್ಳು ಹೇಳಲಿಲ್ಲ. ನೀವು ಕೇಳಿದ ವಿವರಕ್ಕೆ, ನೀವು ಕೇಳಿದ ಅವಧಿಗೆ, ನೋಂದಣಿಯಾದ ಪತ್ರಗಳಲ್ಲಿ ಏನೂ ಸಿಗಲಿಲ್ಲ ಎಂದಷ್ಟೇ ಹೇಳಿತು. ವ್ಯವಹಾರ ಸಿಕ್ಕರೆ ನಮೂನೆ 15, ಸಿಗದಿದ್ದರೆ ನಮೂನೆ 16. ಕೊಂಡು–ಮಾರಿ ಆಗಿರುವ ಮನೆಗೆ ನಮೂನೆ 16 ಬಂದರೆ ಸಂತೋಷಪಡಬಾರದು, ಅನುಮಾನಪಡಬೇಕು. ಮಾರುವವರು ಕೊಂಡ ಕ್ರಯಪತ್ರವಾದರೂ ಅದರಲ್ಲಿ ಕಾಣಬೇಕಿತ್ತಲ್ಲ? ಅದೂ ಕಾಣದಿದ್ದರೆ ಹುಡುಕಿದ ವಿವರವೇ ತಪ್ಪು.

ಶ್ರೀರಾಂಪುರದಂಥ ಕಡೆ ಈ ತಪ್ಪು ಸುಲಭ. ಗ್ರಾಮ ಪಂಚಾಯಿತಿಯ ಕಾಲದಲ್ಲಿ ಒಂದು ಸಂಖ್ಯೆ, ಪಟ್ಟಣ ಪಂಚಾಯಿತಿ ಆದ ಮೇಲೆ ಇನ್ನೊಂದು. ಹೊಸ ಸಂಖ್ಯೆ ಕೊಟ್ಟು ಹುಡುಕಿದರೆ ಹಳೇ ಸಂಖ್ಯೆಯ ಅಡಮಾನ ಮೇಲೆ ಬರುವುದಿಲ್ಲ. ಆದ್ದರಿಂದ ಇ.ಸಿ.ಯನ್ನು ಹಳೇ ಸಂಖ್ಯೆ, ಹೊಸ ಸಂಖ್ಯೆ, ಸರ್ವೆ ನಂಬರು, ಮಾಲೀಕರ ಹೆಸರು ಹೀಗೆ ಬೇರೆ ಬೇರೆಯಾಗಿ ತೆಗೆಸಬೇಕು. ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು. ಹಿಂದಿನದಕ್ಕೆ ಕಚೇರಿಯ ಸೂಚಿ ಪುಸ್ತಕವನ್ನೇ ಹುಡುಕಿಸಬೇಕು.

ಎರಡನೆಯ ಕಾರಣ, ಸಾಲವೇ ನೋಂದಣಿ ಆಗಿರದಿರುವುದು. ಮೂಲ ಪತ್ರಗಳನ್ನು ಬ್ಯಾಂಕಿನ ಕೈಗೆ ಕೊಟ್ಟರೆ ಅದೇ ಅಡಮಾನ ಎಂದು ಕಾನೂನು ಒಪ್ಪುತ್ತದೆ. ಅದಕ್ಕೆ ನೋಂದಾಯಿತ ಪತ್ರ ಬೇಕೇಬೇಕು ಎಂದಿಲ್ಲ. ಅಂಥ ಸಾಲ ಇ.ಸಿ.ಯಲ್ಲಿ ಬಾರದು, ‘ಸರ್ಸೈ’ ಎಂಬ ಕೇಂದ್ರ ನೋಂದಣಿಯಲ್ಲಿ ಬರುತ್ತದೆ. 2011ರಿಂದ ಇದೆ, ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ನೋಡುವವರು ಕಡಿಮೆ. ಇನ್ನು ಕೈಸಾಲದ ಕರಾರು, ನೋಂದಣಿಯಾಗದ ಉಯಿಲು, ನ್ಯಾಯಾಲಯದಲ್ಲಿರುವ ಪಾಲಿನ ದಾವೆ ಇವು ಎರಡರಲ್ಲೂ ಇರುವುದಿಲ್ಲ. ‘ಮೂಲ ಪತ್ರ ಕಳೆದುಹೋಗಿದೆ, ದೃಢೀಕೃತ ನಕಲು ಇದೆ’ ಎಂದು ಮಾರುವವರು ಹೇಳಿದ ಕೂಡಲೇ ನೆನಪಾಗಬೇಕಾದ್ದು ಬ್ಯಾಂಕಿನ ಕಬ್ಬಿಣದ ಪೆಟ್ಟಿಗೆ.

ಬ್ಲಾಕ್‌ಚೈನಿಗೆ ನಿಜವಾಗಿ ಕೆಲಸ ಇರುವುದು ಇಂಥ ಕಡೆ. ಬ್ಯಾಂಕು, ಪಾಲಿಕೆ, ನೋಂದಣಿ ಕಚೇರಿ ಯಾರೂ ಒಬ್ಬರ ಕೈಕೆಳಗೆ ಒಬ್ಬರಿಲ್ಲ. ತನ್ನ ಪುಸ್ತಕವನ್ನು ಇನ್ನೊಬ್ಬರ ಕೈಗೆ ಒಪ್ಪಿಸಲು ಯಾರೂ ಸಿದ್ಧರಿಲ್ಲ. ಎಲ್ಲರೂ ಬರೆಯಬಹುದಾದ, ಒಬ್ಬರೇ ಅಳಿಸಲಾಗದ ಪುಸ್ತಕ ಇವರಿಗೆ ಹೊಂದುತ್ತದೆ. ಆಸ್ತಿಯ ಎದುರು ‘ಅಡಮಾನದಲ್ಲಿದೆ’ ಎಂದು ಬ್ಯಾಂಕು ಗುರುತು ಹಾಕಿದರೆ, ಅದು ತೆಗೆಯುವವರೆಗೆ ಕ್ರಯಪತ್ರದ ಅರ್ಜಿ ಮುಂದೆ ಸರಿಯದಂತೆ ಮಾಡಬಹುದು.

ನಿಮ್ಮ ವಿಷಯಕ್ಕೆ: ನೋಟಿಸ್ ಯಾವ ಕಲಂ ಕೆಳಗೆ ಬಂದಿದೆ ನೋಡಿ. ಬ್ಯಾಂಕುಗಳ ಸಾಲ ವಸೂಲಿಗೆಂದು ಇರುವ ಸರ್ಫೇಸಿ ಕಾಯ್ದೆಯ 13(4)ರ ಸ್ವಾಧೀನ ನೋಟಿಸ್ ಆಗಿದ್ದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ ಮಾತ್ರ. ವಕೀಲರನ್ನು ಈ ವಾರವೇ ಕಾಣಿ.

ನಾನು ಸಾಫ್ಟ್‌ವೇರ್ ಕೆಲಸದವನು. ಮೈಸೂರಿನಂಥ ನಗರಕ್ಕೆ ಇದನ್ನು ಕಟ್ಟುವುದಾದರೆ ರಚನೆ ಹೇಗಿರಬೇಕು? ಸರಪಳಿಯ (ಬ್ಲಾಕ್‌ಚೈನಿನ) ಮೇಲೆ ಏನನ್ನು ಇಡಬೇಕು?
— ಹೆಬ್ಬಾಳ, ಮೈಸೂರು

ಅನುಮತಿ ಪಡೆದವರಷ್ಟೇ ಬರೆಯುವ ಸರಪಳಿ, ಉದಾಹರಣೆಗೆ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ತಂತ್ರಾಂಶದ್ದು. ಹೊಸದಾಗಿ ಯಂತ್ರಾಂಗ ಕೊಳ್ಳುವ ಅಗತ್ಯವೂ ಇಲ್ಲ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ‘ವಿಶ್ವಸ್ಯ’ ಎಂಬ ಬ್ಲಾಕ್‌ಚೈನ್ ಸೇವೆ ಆರಂಭಿಸಿದೆ. ಅದರ ನೆಲೆಗಳು ಭುವನೇಶ್ವರ, ಪುಣೆ, ಹೈದರಾಬಾದಿನ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ದತ್ತಾಂಶ ಕೇಂದ್ರಗಳಲ್ಲಿವೆ.

ಬರೆಯುವವರು ಐವರು ಸಾಕು: ನೋಂದಣಿ ಮತ್ತು ಮುದ್ರಾಂಕ ಇಲಾಖೆ, ಮಹಾನಗರ ಪಾಲಿಕೆ, ಅಭಿವೃದ್ಧಿ ಪ್ರಾಧಿಕಾರ, ಭೂಮಾಪನ ಇಲಾಖೆ, ಬ್ಯಾಂಕುಗಳ ಪರವಾಗಿ ಒಂದು ನೋಡ್ (ಪುಸ್ತಕದ ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್). ಯಾವ ಕೆಲಸಕ್ಕೆ ಯಾರ ಸಹಿ ಎಂಬುದನ್ನು ನಿಯಮದಲ್ಲೇ ಕಟ್ಟಬೇಕು. ಹೊಸ ನಿವೇಶನ ಹುಟ್ಟಿಸಲು ಪ್ರಾಧಿಕಾರ ಮತ್ತು ಭೂಮಾಪನ, ಮಾರಾಟಕ್ಕೆ ನೋಂದಣಿ ಮತ್ತು ಪಾಲಿಕೆ, ಅಡಮಾನ ತೆಗೆಯಲು ಬ್ಯಾಂಕು ಮತ್ತು ನೋಂದಣಿ. ನಿವೇಶನ ಹುಟ್ಟಿಸುವ ಹಕ್ಕನ್ನು ಒಬ್ಬರಿಗೇ ಕೊಟ್ಟರೆ, ನಕ್ಷೆಯಲ್ಲಿ ಉದ್ಯಾನ ಇದ್ದ ಜಾಗದಲ್ಲಿ ಸೈಟು ಸಂಖ್ಯೆ ಮೊಳೆಯುವುದನ್ನು ಯಾವ ತಂತ್ರಜ್ಞಾನವೂ ತಡೆಯದು.

ಎಲ್ಲ ಪ್ರತಿಗಳೂ ಒಂದೇ ಬರಹಕ್ಕೆ ಒಪ್ಪುವುದಕ್ಕೆ ಒಮ್ಮತ ಎನ್ನುತ್ತಾರೆ, ಅದರ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ರಾಫ್ಟ್ ಎಂಬ ಒಮ್ಮತದ ವಿಧಾನದಲ್ಲಿ ಐದು ನೋಡ್ ಇದ್ದರೆ ಎರಡು ಕೆಟ್ಟುನಿಂತರೂ ಕೆಲಸ ಸಾಗುತ್ತದೆ. ಆದರೆ ಅದು ಕೆಟ್ಟುನಿಂತ ಯಂತ್ರಕ್ಕೆ ಮದ್ದು, ಕೆಟ್ಟ ಮನಸ್ಸಿಗಲ್ಲ. ಒಬ್ಬ ಸುಳ್ಳು ಹೇಳಿದರೂ ತಡೆಯಬೇಕಾದರೆ ಬೈಜಾಂಟೈನ್ ವಿಧಾನ ಬೇಕು. ಒಬ್ಬ ಸುಳ್ಳನಿಗೆ ಕನಿಷ್ಠ ನಾಲ್ಕು ನೋಡ್, ಇಬ್ಬರಿಗೆ ಏಳು. ಐದೂ ನೋಡ್‌ಗಳನ್ನು ಒಂದೇ ದತ್ತಾಂಶ ಕೇಂದ್ರದಲ್ಲಿ, ಒಬ್ಬರೇ ನಿರ್ವಾಹಕರ ಕೈಕೆಳಗೆ ಇಟ್ಟರೆ ಅದು ದುಬಾರಿ ಅಂಗಿ ತೊಟ್ಟ ಮಾಮೂಲಿ ಡೇಟಾಬೇಸು.

ಸರಪಳಿಯ ಮೇಲೆ ಇರಬೇಕಾದ್ದು ಆಸ್ತಿಯ ಗುರುತಿನ ಸಂಖ್ಯೆ, ಅದರ ಸ್ಥಿತಿ (ಮುಕ್ತ, ಅಡಮಾನ, ತಡೆಯಾಜ್ಞೆ), ದಾಖಲೆಯ ಸಂಖ್ಯೆ, ದಾಖಲೆಯ ಹ್ಯಾಶ್. ಷಾ-256 ಎಂಬ ಲೆಕ್ಕದ ವಿಧಾನದಲ್ಲಿ ಹ್ಯಾಶ್ ಅಂದರೆ 32 ಬೈಟು. ಸ್ಕ್ಯಾನ್ ಮಾಡಿದ ಕ್ರಯಪತ್ರ, ಭಾವಚಿತ್ರ, ಹೆಬ್ಬೆಟ್ಟಿನ ಗುರುತು, ಆಧಾರ್ ಯಾವುದೂ ಮೇಲೆ ಹೋಗಬಾರದು. ಅಳಿಸಲಾಗದ ಕಡೆ ವೈಯಕ್ತಿಕ ಮಾಹಿತಿ ಇಟ್ಟರೆ 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಅಳಿಸುವ ಹಕ್ಕಿನೊಂದಿಗೆ ತಿಕ್ಕಾಟ. ‘ಆಧಾರ್ ಅಲ್ಲ, ಅದರ ಹ್ಯಾಶ್ ಮಾತ್ರ’ ಎಂಬ ಜಾಣತನವೂ ಬೇಡ. ಆಧಾರ್ 12 ಅಂಕಿಯದು, ಸೊನ್ನೆ–ಒಂದರಿಂದ ಶುರುವಾಗದು, ಕೊನೆಯ ಅಂಕಿ ಲೆಕ್ಕದಿಂದ ಬರುವಂಥದು. ಉಳಿಯುವುದು ಸುಮಾರು 8,000 ಕೋಟಿ ಸಾಧ್ಯತೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಅಷ್ಟನ್ನೂ ಒಂದೆರಡು ನಿಮಿಷದಲ್ಲಿ ಜಾಲಾಡುತ್ತದೆ. ಗುಟ್ಟಿನ ಉಪ್ಪು (ಲೆಕ್ಕಕ್ಕೆ ಮುಂಚೆ ಸೇರಿಸುವ ರಹಸ್ಯ ಅಕ್ಷರಗಳು) ಬೆರೆಸದ ಹ್ಯಾಶ್ ಗಾಜಿನ ಬೀರು.

ಇಷ್ಟಾದ ಮೇಲೂ ಸೋರುವ ಜಾಗ ಎಂದರೆ ಸಹಿಯ ಕೀಲಿ. ಅಧಿಕಾರಿಯ ಯುಎಸ್‌ಬಿ ಟೋಕನ್ನು, ಅದರ ಪಿನ್ನು ಎರಡೂ ‘ಕೆಲಸ ಬೇಗ ಆಗಲಿ’ ಎಂದು ಆಪರೇಟರ್ ಮೇಜಿಗೆ ಬಂದರೆ ಅಲ್ಲಿಗೆ ಮುಗಿಯಿತು. ಟೋಕನ್ ಜೊತೆ ಬೆರಳಚ್ಚು ಕೇಳಬೇಕು, ವರ್ಗಾವಣೆಯಾದ ದಿನವೇ ಹಳೇ ಪ್ರಮಾಣಪತ್ರ ರದ್ದಾಗಬೇಕು. ಮುಂಬಾಗಿಲನ್ನೂ ಮರೆಯಬೇಡಿ. 2025ರ ಆರಂಭದಲ್ಲಿ ಕಾವೇರಿ 2.0 ಕೈಕೊಟ್ಟಾಗ ಹೇಳಿದ ಕಾರಣ ಹೊರಗಿನಿಂದ ಸುರಿದ ನಕಲಿ ಕೋರಿಕೆಗಳ ಪ್ರವಾಹ. ಹಿಂದೆ ಎಷ್ಟು ಗಟ್ಟಿ ಸರಪಳಿ ಇದ್ದರೂ ಬಾಗಿಲಲ್ಲಿ ಗುಂಪು ನೂಕಿದರೆ ಜನ ಒಳಗೆ ಬರಲಾರರು.

ಐದೂ ಕಚೇರಿ ಒಟ್ಟಾಗಿ ಕೈ ಜೋಡಿಸಿದರೆ? ಅದಕ್ಕೂ ಒಂದು ದಾರಿ ಇದೆ. ದಿನದ ಎಲ್ಲ ದಾಖಲೆಗಳ ಹ್ಯಾಶ್‌ಗಳನ್ನು ಜೋಡಿ ಜೋಡಿಯಾಗಿ ಕೂಡಿಸುತ್ತ ಹೋಗಿ ಒಂದೇ ಸಂಖ್ಯೆಗೆ ಇಳಿಸಿ, ಅದನ್ನು ಎಲ್ಲರ ಕಣ್ಣಿಗೆ ಬೀಳುವ ಸಾರ್ವಜನಿಕ ಸರಪಳಿಯಲ್ಲಿ ಪ್ರಕಟಿಸುವುದು. ಜಾರ್ಜಿಯಾ ದೇಶ 2017ರಿಂದ ತನ್ನ ಭೂದಾಖಲೆಗಳ ಹ್ಯಾಶ್‌ಗಳನ್ನು ಬಿಟ್‌ಕಾಯಿನ್ ಸರಪಳಿಗೆ ಹೀಗೆ ಕಟ್ಟಿತು. ಆ ಸಂಖ್ಯೆಯನ್ನು ದಿನಪತ್ರಿಕೆಯ ಮೂಲೆಯಲ್ಲಿ ಅಚ್ಚು ಹಾಕಿಸಿದರೂ ಕೆಲಸ ಆಗುತ್ತದೆ ಅನ್ನಿ.

ನಮ್ಮ ಕ್ರಯಪತ್ರದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಅದಲುಬದಲು ಆಗಿದೆ. ಬ್ಲಾಕ್‌ಚೈನಿನಲ್ಲಿ ಏನನ್ನೂ ಅಳಿಸಲು ಬರುವುದಿಲ್ಲವಂತೆ. ಹಾಗಾದರೆ ಈ ತಪ್ಪು ಶಾಶ್ವತವೇ?
— ನಿವೃತ್ತ ಶಿಕ್ಷಕರು, ಮಂಡ್ಯ

ಅಲ್ಲ. ಈಗಿನ ಪುಸ್ತಕದಲ್ಲೂ ಅಳಿಸುವುದಿಲ್ಲವಲ್ಲ. ತಿದ್ದುಪಡಿ ಪತ್ರ ಮಾಡಿಸುತ್ತೇವೆ. ಅದಕ್ಕೆ ಹೊಸ ದಾಖಲೆ ಸಂಖ್ಯೆ ಬೀಳುತ್ತದೆ, ಒಳಗೆ ಹಳೆಯ ಸಂಖ್ಯೆಯ ಉಲ್ಲೇಖ ಇರುತ್ತದೆ. ನ್ಯಾಯಾಲಯ ಒಂದು ಪತ್ರವನ್ನು ರದ್ದು ಮಾಡಿದಾಗಲೂ ತೀರ್ಪಿನ ಪ್ರತಿ ನೋಂದಣಿ ಕಚೇರಿಗೆ ಹೋಗಿ, ಪುಸ್ತಕದಲ್ಲಿ ಷರಾ ಬರೆಯುತ್ತಾರೆ. ಹಾಳೆ ಹರಿಯುವುದಿಲ್ಲ. ಸರಪಳಿಯಲ್ಲೂ ಹೀಗೇ, ಹಳೆಯದು ಇದ್ದ ಹಾಗೆ ಇದ್ದು ಹೊಸದು ಅದರ ಮೇಲೆ ಕೂರುತ್ತದೆ.

ನೀವು ತಡಮಾಡದೆ ಇದನ್ನು ಮುಗಿಸಿಕೊಳ್ಳಿ. ಕ್ರಯಪತ್ರದ ದೃಢೀಕೃತ ನಕಲು, ಹಿಂದಿನ ಕ್ರಯಪತ್ರ, ಪಕ್ಕದವರ ಪತ್ರದ ನಕಲು, ಅಳತೆಯ ನಕ್ಷೆ ಇಟ್ಟುಕೊಂಡು ಮಾರಿದವರಿಂದಲೇ ಸಹಿ ಮಾಡಿಸಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರೆಲ್ಲರೂ ಬರಬೇಕು. ಬರಲೊಪ್ಪದಿದ್ದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಂ ಕೆಳಗೆ ದಾವೆ. ದಿಕ್ಕು ಮಾತ್ರ ತಿದ್ದಿದರೆ ಮುದ್ರಾಂಕ ಶುಲ್ಕ ನಾಮಮಾತ್ರ, ವಿಸ್ತೀರ್ಣ ಹೆಚ್ಚಿತೋ ಹೆಚ್ಚಿದ ಜಾಗಕ್ಕೆ ಕ್ರಯದ ಲೆಕ್ಕದಲ್ಲೇ ಕೇಳುತ್ತಾರೆ. ಪತ್ರ ತಿದ್ದಿಸಿ ಖಾತೆ ತಿದ್ದಿಸದೆ ಬಿಡುವುದು ಸಾಮಾನ್ಯ ಮರೆವು.

ನಮ್ಮ ಆತಂಕ ಬೇರೆ ಕಡೆ ಇದೆ. ಸರಪಳಿ ಶುರುವಾಗುವ ದಿನ ಹಳೇ ದಾಖಲೆಗಳನ್ನೆಲ್ಲ ಒಟ್ಟಿಗೆ ತುಂಬಿಸುತ್ತಾರಲ್ಲ, ಆಗ ಇಂಥ ತಪ್ಪುಗಳೆಲ್ಲ ‘ಬ್ಲಾಕ್‌ಚೈನ್ ದೃಢೀಕೃತ’ ಎಂಬ ಮೊಹರು ಹೊತ್ತು ಕೂರುತ್ತವೆ. ತುಂಬಿಸುವ ಮುಂಚೆ ಕರಡು ಪ್ರಕಟಿಸಿ ಆಕ್ಷೇಪಣೆಗೆ ಅವಕಾಶ ಕೊಡಲೇಬೇಕು. ಮೈಸೂರಿಗೆ ಇದು ಹೊಸತಲ್ಲ. ನಗರ ಆಸ್ತಿ ಮಾಲೀಕತ್ವ ದಾಖಲೆ ಯೋಜನೆ, ಜನ ‘ಪಿ.ಆರ್. ಕಾರ್ಡು’ ಎನ್ನುವುದು, ಮೊದಲು ಬಂದ ನಗರಗಳಲ್ಲಿ ಮೈಸೂರೂ ಒಂದು. ಅದರಲ್ಲಿ ಕರಡು ಕಾರ್ಡು ಕೊಟ್ಟು, 30 ದಿನ ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ ಕಾರ್ಡು ಕೊಡುವ ಕ್ರಮವಿತ್ತು. ಮನೆ ಮನೆ ಅಳೆದು ಮಾಡಿದ ಆ ಬಗೆಯ ದಾಖಲೆಯೇ ಸರಪಳಿಯ ಮೊದಲ ಕೊಂಡಿಯಾಗಬೇಕು, ಷೆಡ್ಯೂಲಿನ ವಾಕ್ಯವಲ್ಲ.

ಇದಕ್ಕೆ ಬಿಟ್‌ಕಾಯಿನ್ ಕೊಳ್ಳಬೇಕೆ? ಪಾಸ್‌ವರ್ಡ್ ಮರೆತರೆ ಮನೆಯೇ ಹೋಗುತ್ತದೆಯೆ? ನೋಂದಣಿ ಖರ್ಚು ಇಳಿಯುತ್ತದೆಯೆ?
— ಸರಸ್ವತಿಪುರಂ, ಮೈಸೂರು

ಮೂರಕ್ಕೂ ಇಲ್ಲ. ಸರ್ಕಾರಿ ಸರಪಳಿಯಲ್ಲಿ ನಾಣ್ಯ ಇರುವುದಿಲ್ಲ. ಕೀಲಿ ಅಧಿಕಾರಿಗಳ ಬಳಿ ಇರುತ್ತದೆ, ನಿಮ್ಮ ಹಕ್ಕು ನಿಮ್ಮ ಕ್ರಯಪತ್ರದಲ್ಲಿರುತ್ತದೆ. ಖರ್ಚಿನ ಬಹುಪಾಲು ತೆರಿಗೆ. 60 ಲಕ್ಷದ ಮನೆಗೆ ನಗರದಲ್ಲಿ ಮುದ್ರಾಂಕ ಶುಲ್ಕ ಶೇ 5ರಂತೆ 3 ಲಕ್ಷ, ಅದರ ಮೇಲೆ ಶೇ 10 ಸೆಸ್ 30 ಸಾವಿರ, ಶೇ 2 ಸರ್‌ಚಾರ್ಜ್ 6 ಸಾವಿರ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿರುವುದರಿಂದ 1 ಲಕ್ಷ 20 ಸಾವಿರ. ಒಟ್ಟು 4,56,000. ತಂತ್ರಾಂಶ ಬದಲಾದರೆ ಇದರಲ್ಲಿ ಒಂದು ರೂಪಾಯಿಯೂ ಕಡಿಮೆಯಾಗದು.

ಬ್ಲಾಕ್‌ಚೈನಿನಲ್ಲಿ ಸೆಕೆಂಡಿನ ಲೆಕ್ಕದಲ್ಲಿ ಸಮಯ ದಾಖಲಾಗುತ್ತದೆ. ಮೊದಲು ದಾಖಲಾದವರಿಗೇ ಆಸ್ತಿ ಎಂದಾದರೆ ತಂಟೆಯೇ ಇರುವುದಿಲ್ಲವಲ್ಲ?
— ಕಾನೂನು ವಿದ್ಯಾರ್ಥಿ, ಮೈಸೂರು

ಸದ್ಯದ ಕಾನೂನು ಹಾಗಿಲ್ಲ. ನೋಂದಣಿ ಕಾಯ್ದೆಯ 47ನೇ ಕಲಂ ಪ್ರಕಾರ, ನೋಂದಣಿಯಾದ ಪತ್ರ ಜಾರಿಗೆ ಬರುವುದು ನೋಂದಣಿಯಾದ ದಿನದಿಂದಲ್ಲ, ನೋಂದಣಿ ಬೇಕಿಲ್ಲದಿದ್ದರೆ ಯಾವತ್ತಿನಿಂದ ಬರುತ್ತಿತ್ತೋ ಅಂದಿನಿಂದ, ಸಾಮಾನ್ಯವಾಗಿ ಬರೆದು ಸಹಿ ಹಾಕಿದ ದಿನದಿಂದ. ಸಹಿಯಾದ ಮೇಲೆ ಹಾಜರುಪಡಿಸಲು 23ನೇ ಕಲಂ ನಾಲ್ಕು ತಿಂಗಳು ಕೊಡುತ್ತದೆ, ದಂಡ ಕಟ್ಟಿದರೆ ಇನ್ನೂ ನಾಲ್ಕು. ಒಬ್ಬರಿಗೆ ಜೂನ್ 1ರಂದು ಸಹಿ ಹಾಕಿ ಸೆಪ್ಟೆಂಬರಿನಲ್ಲಿ ನೋಂದಣಿಯಾಯಿತು, ಇನ್ನೊಬ್ಬರಿಗೆ ಜುಲೈನಲ್ಲಿ ಸಹಿ ಹಾಕಿ ಅದೇ ದಿನ ನೋಂದಣಿಯಾಯಿತು ಅನ್ನಿ. ಸರಪಳಿಯಲ್ಲಿ ಜುಲೈನವರು ಮುಂದೆ, ಕಾನೂನಿನಲ್ಲಿ ಜೂನ್‌ನವರು ಮುಂದೆ.

ಇನ್ನೂ ಬುಡದ ಮಾತೆಂದರೆ, ನಮ್ಮಲ್ಲಿ ನೋಂದಣಿಯಾಗುವುದು ಪತ್ರ, ಮಾಲೀಕತ್ವವಲ್ಲ. ಬಿಹಾರದ ತೀರ್ಪಿನಲ್ಲೂ ಇದೇ ಚರ್ಚೆ. ಮಾರುವವರ ಹೆಸರಿಗೆ ಖಾತೆ ಆಗಿದ್ದರಷ್ಟೇ ನೋಂದಣಿ ಎಂಬ ಅಲ್ಲಿನ ನಿಯಮವನ್ನು ಕೋರ್ಟ್ ರದ್ದು ಮಾಡಿತು, ಜೊತೆಗೆ ನೋಂದಣಿಗೂ ಮಾಲೀಕತ್ವಕ್ಕೂ ನಡುವಿನ ಬಿರುಕು ಮುಚ್ಚುವ ದಾರಿ ಹುಡುಕಲು ಹೇಳಿತು. 47ನೇ ಕಲಂ ತಿದ್ದದೆ ಸರಪಳಿಯ ಗಡಿಯಾರಕ್ಕೆ ಬೆಲೆ ಬಾರದು. ತಿದ್ದಬೇಕೆಂಬುದೇ ನಮ್ಮ ಅಭಿಪ್ರಾಯ, ಆದರೆ ಅದು ಎಂಜಿನಿಯರುಗಳ ಕೆಲಸವಲ್ಲ.

ಹ್ಯಾಶ್ ಅನ್ನು ಸಾಮಾನ್ಯ ಜನ ನೋಡುವುದು ಹೇಗೆ? ಈಗಲೇ ಇದರಿಂದ ಏನಾದರೂ ಉಪಯೋಗ ಇದೆಯೆ?
— ದತ್ತಗಳ್ಳಿ, ಮೈಸೂರು

ಇದೆ. ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಲಗತ್ತಿಸುವ ಪ್ರಮಾಣಪತ್ರದಲ್ಲಿ ಹ್ಯಾಶ್ ಸಂಖ್ಯೆಯನ್ನೂ ಅದನ್ನು ಯಾವ ವಿಧಾನದಲ್ಲಿ ತೆಗೆದದ್ದು ಎಂಬುದನ್ನೂ ಬರೆಯಬೇಕು.

ಕಾವೇರಿಯಿಂದ ಇಳಿಸಿಕೊಂಡ ಇ.ಸಿ. ಅಥವಾ ದೃಢೀಕೃತ ನಕಲಿನ ಪಿಡಿಎಫ್ ಕಡತವನ್ನು ತೆರೆದು ಮತ್ತೆ ಉಳಿಸದೆ, ಬಂದ ಹಾಗೇ ಒಂದು ಕಡೆ ಇಡಿ. ವಿಂಡೋಸಿನಲ್ಲಿ ‘certutil -hashfile ಕಡತದ-ಹೆಸರು SHA256’, ಲಿನಕ್ಸಿನಲ್ಲಿ ‘sha256sum ಕಡತದ-ಹೆಸರು’ ಎಂಬ ಆಜ್ಞೆ ಕೊಟ್ಟರೆ 64 ಅಕ್ಷರ–ಅಂಕಿಗಳ ಸಾಲು ಬರುತ್ತದೆ. ಅದನ್ನೂ ಇಳಿಸಿಕೊಂಡ ದಿನಾಂಕವನ್ನೂ ಬರೆದಿಡಿ. ವಕೀಲರಿಗೋ ಬ್ಯಾಂಕಿಗೋ ಕೊಟ್ಟ ಪ್ರತಿಯ ಸಾಲು ಇದಕ್ಕೆ ತಾಳೆಯಾದರೆ ಕಡತ ಅದೇ.

ತಾಳೆಯಾಗದಿದ್ದರೆ ಮೊದಲೇ ಮೋಸ ಎಂದುಕೊಳ್ಳಬೇಡಿ. ಮುದ್ರಿಸಿ ಸ್ಕ್ಯಾನ್ ಮಾಡಿದರೆ ಹ್ಯಾಶ್ ಬದಲಾಗುತ್ತದೆ, ಒಂದೇ ಹಾಳೆಯನ್ನು ಎರಡು ಸಲ ಸ್ಕ್ಯಾನ್ ಮಾಡಿದರೂ ಎರಡು ಹ್ಯಾಶ್. ಪುಟ ತಿರುಗಿಸಿ ಉಳಿಸಿದರೆ, ಟಿಪ್ಪಣಿ ಸೇರಿಸಿದರೆ ಬದಲಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವುದರಿಂದ ಬದಲಾಗುತ್ತದೆ. ‘ಡಾಕ್ಯುಮೆಂಟ್’ ಆಯ್ಕೆ ಒತ್ತಿ ಕಳಿಸಿದರೆ ಇದ್ದಂತೆಯೇ ಹೋಗುತ್ತದೆ. ಕಡತದ ಹೆಸರು ಬದಲಿಸಿದರೆ ಮಾತ್ರ ಏನೂ ಆಗುವುದಿಲ್ಲ, ಹ್ಯಾಶ್ ನೋಡುವುದು ಒಳಗಿನದನ್ನು.